ನಡಾವಳಿ ಪುಸ್ತಕದಲ್ಲಿ ನಿಮ್ಮ ಹೆಸರು

ಚಾಮರಾಜಪೇಟೆ
ಸೋಮವಾರ, ೧೭ ನವೆಂಬರ್ ೨೦೨೫

ಮಲ್ಲೇಶ್ವರದ ಹದಿನೈದನೇ ಕ್ರಾಸಿನಲ್ಲಿ, ತಮ್ಮ ಅಕ್ಕ ತಿಮ್ಮಕ್ಕನ ಮನೆಯ ಹಜಾರದಲ್ಲಿ ಮುಖ ಊದಿಸಿಕೊಂಡು ಕೂತಿರುವ ನಮ್ಮ ಯಜಮಾನರಿಗೆ ಸರಸ್ವತಿಯ ನಮಸ್ಕಾರಗಳು.

ಗೆದ್ದೆವು ಕಣ್ರೀ! ಎರಡು–ಒಂದು. ನಮ್ಮ ಉದಯ ಯೂನಿಯನ್ ಫುಟ್‌ಬಾಲ್ ಕ್ಲಬ್ಬು ಎ ಡಿವಿಷನ್ನಿನಲ್ಲೇ ಉಳಿಯಿತು. ಇದನ್ನು ಮೊದಲೇ ಬರೆದುಬಿಟ್ಟೆ. ಮಿಕ್ಕಿದ್ದನ್ನು ಓದದೆ ನೀವು ಕಾಗದ ಹರಿದು ಹಾಕಿದರೂ ಇಷ್ಟಾದರೂ ನಿಮಗೆ ಮುಟ್ಟಿರಲಿ ಅಂತ.

ನಿನ್ನೆ ಸಂಜೆಯಿಂದ ಹನ್ನೊಂದು ಸಲ ಫೋನ್ ಮಾಡಿದೆ. ಹನ್ನೊಂದು ಸಲವೂ ಕಟ್ ಮಾಡಿದಿರಿ. ವಾಟ್ಸಾಪಿನಲ್ಲಂತೂ ಮೂರು ವಾರದ ಹಿಂದೆಯೇ ಬ್ಲಾಕ್ ಮಾಡಿದ್ದೀರಿ. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡುವ ಬಟನ್ನು ಇನ್ನೂ ಬಂದಿಲ್ಲವಲ್ಲ, ಅದಕ್ಕೇ ಈ ಕಾಗದ. ದಪ್ಪ ಅಕ್ಷರದಲ್ಲಿ, ಒಂದು ಗೆರೆ ಬಿಟ್ಟು ಒಂದು ಗೆರೆ ಬರೆದಿದ್ದೇನೆ. ನೀವೇ ಓದಿಕೊಳ್ಳಿ. ತಿಮ್ಮಕ್ಕನ ಕೈಲಿ ಓದಿಸಬೇಡಿ, ಗಂಡ ಹೆಂಡಿರಲ್ಲೇ ಇರಬೇಕಾದ ಮಾತು ಇದರಲ್ಲಿದೆ.

ನಾನು ನಿಮಗೆ ಮಾಡಿದ್ದು ದ್ರೋಹ ಅಂತ ನೀವು ಅಂದುಕೊಂಡಿದ್ದೀರಿ. ಬೀದಿಯೂ ಹಾಗೇ ಅಂದುಕೊಂಡಿದೆ. ಇಪ್ಪತ್ತೆರಡು ವರ್ಷ ಕ್ಲಬ್ಬಿಗೆ ಕೋಚ್ ಆಗಿದ್ದ ಗಂಡನನ್ನು ಹೆಂಡತಿಯೇ ಮೀಟಿಂಗಿನಲ್ಲಿ ಎದ್ದು ನಿಂತು ತೆಗೆಸಿದಳು ಅಂದರೆ ಯಾರು ತಾನೇ ಒಳ್ಳೆಯ ಮಾತು ಆಡುತ್ತಾರೆ? ರಾಮೇಶ್ವರ ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆ ಕೂಡ ನನ್ನ ಮುಂದೆ ಸ್ವಲ್ಪ ಬೇಗ ದಾಟಿಹೋಗುತ್ತದೆ ಅನ್ನಿಸುತ್ತಿತ್ತು. ಓಬಳಪ್ಪನಂತೂ ಬಿಡಿ. ಅವನ ಕಾಫಿಪುಡಿ ಅಂಗಡಿಯ ಮುಂದೆ ಅಷ್ಟು ದಿನ ನಡೆದ ಜಗಳ ನಿಮಗೂ ಗೊತ್ತು. ಒಂದು ಬೆಂಚಿನ ಮೇಲೆ ‘ತೆಗೀಬೇಕು’ ಪಕ್ಷ, ಎದುರು ಬೆಂಚಿನ ಮೇಲೆ ‘ಇರಲಿ’ ಪಕ್ಷ. ಪಾಸ್ ಕೊಡೋಕೇ ಬರದ ಹುಡುಗರಿಗೆ ಹೊಸ ಕೋಚ್ ತರೋದು ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದ ಹಾಗೆ ಅಂತ ಓಬಳಪ್ಪ ವಾದ ಮಾಡುತ್ತಿದ್ದ. ಏಳು ಮ್ಯಾಚ್ ಗೆಲ್ಲದೆ ಗ್ರೌಂಡ್ ಸರಿಯಿಲ್ಲ ಅನ್ನೋ ಕೋಚು, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಅಂತ ನಾನು ತಿರುಗಿ ಕೊಡುತ್ತಿದ್ದೆ. ಅವತ್ತಿನಿಂದ ನನ್ನ ಪುಡಿಗೆ ಚಿಕೋರಿ ಜಾಸ್ತಿ ಹಾಕಿ ಸೇಡು ತೀರಿಸಿಕೊಂಡ. ನಿನ್ನೆಯವರೆಗೂ ಕಷಾಯದ ಹಾಗಿದ್ದ ಕಾಫಿ ಕುಡಿದೆ, ಆದರೂ ಮಾತು ವಾಪಸ್ ತಗೊಳ್ಳಲಿಲ್ಲ.

ಅಕ್ಟೋಬರ್ ಇಪ್ಪತ್ತಾರರ ಆ ಮೀಟಿಂಗಿನ ವಿಷಯ ಬರೆಯಲೇಬೇಕು. ನಾನು ಎದ್ದು ನಿಂತು, ನಮ್ಮನೆಯವರನ್ನು ಕೋಚ್ ಸ್ಥಾನದಿಂದ ಬಿಡಿಸಬೇಕು ಅಂತ ಸೂಚಿಸುತ್ತೇನೆ ಅಂದೆ. ಅಧ್ಯಕ್ಷರಾದ ಚಂದ್ರಶೇಖರಯ್ಯನವರು ಕನ್ನಡಕ ಹಣೆಗೇರಿಸಿ, ನಡಾವಳಿ ಪುಸ್ತಕದಲ್ಲಿ ನಮ್ಮನೆಯವರು ಅಂತ ಬರೆದರೆ ಯಾರ ಮನೆಯವರು ಅಂತ ನಾಳೆ ತಕರಾರು ಬರುತ್ತೆ ತಾಯಿ, ಹೆಸರು ಹೇಳಿ ಅಂದರು. ಮಗಳ ಹೆಸರು ಹಿಡಿದು ಯಶಶ್ರೀ ಅಪ್ಪ ಅಂದೆ. ಆಗಲ್ಲ ಅಂದರು. ಕೋಚ್ ಸಾಹೇಬರು ಅಂದೆ. ಅದೂ ಆಗಲ್ಲ ಅಂದರು. ಹಾಲ್ ತುಂಬ ನಗು. ಮದುವೆಯಾದ ಹೊಸದರಲ್ಲಿ ನಿಮ್ಮ ಹೊಸಿಲ ಮೇಲೆ ನಿಲ್ಲಿಸಿ, ಹೆಸರು ಹೇಳಿ ಒಳಗೆ ಬಾ ಅಂತ ತಿಮ್ಮಕ್ಕ ಅಡ್ಡಗಟ್ಟಿದಾಗ ಪಿಸುಗುಟ್ಟಿ ಹೇಳಿದ್ದೆನಲ್ಲ, ಆಮೇಲೆ ಮೂವತ್ತಾರು ವರ್ಷ ಆ ಹೆಸರು ನನ್ನ ನಾಲಿಗೆ ಮೇಲೆ ಬಂದಿರಲಿಲ್ಲ. ಅದೂ ಎಂಥ ಹೆಸರು! ಬಾಲದಲ್ಲೇ ಅಣ್ಣ ಅಂತಿರುವ ಗಂಡನನ್ನು ಹೆಸರು ಹಿಡಿದು ಕರೆಯೋದು ಹೇಗೆ ಹೇಳಿ.

ಹೇಳಿದೆ. ಜಿ. ಮಾಯಣ್ಣ ಅಂತ ಗೋಡೆಗೆ ಬಡಿದು ವಾಪಸ್ ಬರುವ ಹಾಗೆ ಹೇಳಿದೆ. ನಿಮ್ಮ ಹೆಸರನ್ನು ಮೊದಲ ಸಲ ಗಟ್ಟಿಯಾಗಿ ಕೂಗಿದ್ದು ನಿಮ್ಮನ್ನು ಮನೆಗೆ ಕಳಿಸೋದಕ್ಕೆ ಅನ್ನೋ ಸಂಕಟ ನನಗೂ ಇತ್ತು, ಇಲ್ಲ ಅನ್ನಲ್ಲ.

ಆಮೇಲೆ ಆಸ್ಟಿನ್ ಟೌನ್ ಮ್ಯಾಚಿನ ಕಥೆ ತೆಗೆದೆ. ಒಂದು ಗೋಲು ಮುಂದಿದ್ದೆವು. ಮೂರನೇ ನಂಬರಿನ ಲಿಖಿತ್ ಕಾಲು ಉಳುಕಿಸಿಕೊಂಡು ಕುಂಟುತ್ತಿದ್ದ. ಎಂಟನೇ ನಂಬರಿನ ಆಕರ್ಷ ಚಿಗರೆ ಹಾಗೆ ಓಡುತ್ತಿದ್ದ. ನೀವು ಕುಂಟುವವನನ್ನು ಒಳಗೇ ಬಿಟ್ಟು ಓಡುವವನನ್ನು ಹೊರಗೆ ಕರೆಸಿದಿರಿ. ಹತ್ತು ನಿಮಿಷದಲ್ಲಿ ಎರಡು ಗೋಲು ತಿಂದು ಸೋತೆವು. ಇದೇನು ಸರ್ ಅಂತ ಹುಡುಗರು ಕೇಳಿದರೆ ಇದು ತಂತ್ರ, ನಿಮಗೆ ಅರ್ಥ ಆಗಲ್ಲ ಅಂದಿರಿ. ಇಡೀ ಸ್ಟೇಡಿಯಮ್ಮಿಗೆ ಕಂಡಿದ್ದು ಕೋಚಿಗೆ ಕಾಣಲಿಲ್ಲ ಅಂತ ನಾನು ಮೀಟಿಂಗಿನಲ್ಲಿ ಅಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ನೀವು ಒಂದು ಸಲ ನನ್ನ ಮುಖ ನೋಡಿ ತಲೆ ತಗ್ಗಿಸಿದಿರಿ. ಬಾಯಿಂದ ಒಂದು ಮಾತು ಬರಲಿಲ್ಲ. ತಪ್ಪು ಒಪ್ಪಿಕೊಂಡರು ಅಂತಲೇ ನಾನು ತಿಳಿದುಕೊಂಡೆ.

ಅರವತ್ತೊಂದು ಓಟು ನನ್ನ ಕಡೆ, ಮೂವತ್ತೆಂಟು ನಿಮ್ಮ ಕಡೆ. ಹೊಸ ಕೋಚ್ ಯಾರು ಅಂತಲೂ ಕೇಳದೆ ಎದ್ದು ಹೋದಿರಿ. ನಾನು ಮನೆಗೆ ಬರುವಷ್ಟರಲ್ಲಿ ಎರಡು ಪಂಚೆ, ಒಂದು ಸೀಟಿ ಬ್ಯಾಗಿಗೆ ಹಾಕಿಕೊಂಡು ಮಲ್ಲೇಶ್ವರದ ಬಸ್ಸು ಹತ್ತಿದ್ದಿರಿ. ಆ ಬಸ್ಸಿನ ನಂಬರನ್ನು ಯಾರ ಕೈಲಿ ಓದಿಸಿದಿರೋ.

ಹೌದು ರೀ, ನನಗೆ ಗೊತ್ತು. ಯುಗಾದಿ ಆದಾಗಿನಿಂದ ಗೊತ್ತು. ಓದೋಕೆ ಕನ್ನಡಕವೇ ಬೇಡ, ನನಗೆ ವಯಸ್ಸು ಹಿಂದಕ್ಕೆ ಓಡ್ತಿದೆ ಅಂತ ಅಂಗಡಿ ಮುಂದೆ ಜಂಬ ಕೊಚ್ಚಿದಿರಲ್ಲ, ಅವತ್ತೇ ಅನುಮಾನ ಬಂತು. ನಮ್ಮಪ್ಪನಿಗೂ ಪೊರೆ ಬಂದಾಗ ಹತ್ತಿರದ್ದು ಹೀಗೇ ನಿಚ್ಚಳವಾಗಿ ಕಂಡು, ದೂರದ್ದು ಮಂಜಾಗಿತ್ತು. ಆಮೇಲೆ ಮ್ಯಾಚಿನಲ್ಲಿ ನಿಮ್ಮನ್ನೇ ನೋಡಿದೆ. ಆಚೆ ಕಡೆಯ ಗೋಲಿಗೆ ಚೆಂಡು ಹೋದರೆ ಜನ ಕೂಗಿದ ಮೇಲೆ ನೀವು ಕೈ ಎತ್ತುತ್ತಿದ್ದಿರಿ. ಮೊದಲೆಲ್ಲ ಚೆಂಡು ಬಲೆ ಮುಟ್ಟುವ ಮೊದಲೇ ಎತ್ತುತ್ತಿದ್ದವರು.

ಅದಕ್ಕೇ ನಾನು ನಿಮ್ಮ ಬೆಂಚಿನ ಹಿಂದಿನ ಸಾಲಿಗೆ ಬಂದು ಕೂತಿದ್ದು. ಏಳು ಒಬ್ಬನೇ ಇದಾನೆ, ಹತ್ತು ಸುಸ್ತಾಗಿದಾನೆ, ಎಡಗಡೆ ಖಾಲಿ ಬಿದ್ದಿದೆ ಅಂತ ಹುಚ್ಚಿಯ ಹಾಗೆ ಕೂಗುತ್ತಿದ್ದೆ. ನೀವು ಅದನ್ನೇ ಕೇಳಿಕೊಂಡು ಹುಡುಗರಿಗೆ ಹೇಳುತ್ತಿದ್ದಿರಿ. ಕೋಚಿಗಿಂತ ಕೋಚಮ್ಮನೇ ಜೋರು ಅಂತ ಜನ ನಗುತ್ತಿದ್ದರು. ನಾವಿಬ್ಬರೂ ಮನೆಗೆ ಬಂದು ಒಂದು ದಿನವೂ ಆ ಮಾತು ಎತ್ತಲಿಲ್ಲ. ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಣ್ಣು ತೋರಿಸೋಣ ಬನ್ನಿ ಅಂತ ಎರಡು ಸಲ ಸುತ್ತಿ ಬಳಸಿ ಹೇಳಿದ್ದಕ್ಕೆ ಎರಡು ದಿನ ಊಟ ಬಿಟ್ಟಿರಿ.

ಹೀಗಿರುವಾಗ ನಾನೇನು ಮಾಡಬೇಕಿತ್ತು? ನಿಮ್ಮ ಕೈಯಲ್ಲೇ ಕ್ಲಬ್ಬು ಬಿ ಡಿವಿಷನ್ನಿಗೆ ಬಿದ್ದಿದ್ದರೆ, ಮಾಯಣ್ಣನ ಕಾಲದಲ್ಲಿ ಬಿದ್ದದ್ದು ಅಂತ ಇನ್ನು ಐವತ್ತು ವರ್ಷ ಹೇಳುತ್ತಿದ್ದರು. (ನೋಡಿ, ಒಂದು ಸಲ ಅಭ್ಯಾಸ ಆಗಿ ಈಗ ಹೆಸರು ಸಲೀಸಾಗಿ ಬರುತ್ತಿದೆ.) ಕಣ್ಣಿನ ವಿಷಯ ಹೇಳಿದ್ದರೆ ಒಂದೇ ನಿಮಿಷದಲ್ಲಿ ಮೀಟಿಂಗ್ ಮುಗಿಯುತ್ತಿತ್ತು, ಎಲ್ಲರೂ ಅಯ್ಯೋ ಪಾಪ ಅನ್ನುತ್ತಿದ್ದರು. ನಿಮ್ಮನ್ನು ಪಾಪ ಅನ್ನೋದನ್ನು ನಾನು ಕೇಳಲಾರೆ. ಹಠಮಾರಿ ಅನ್ನಲಿ, ಹಳೇ ಕಾಲದವನು ಅನ್ನಲಿ, ಅದನ್ನು ನೀವು ತಡೆದುಕೊಳ್ಳುತ್ತೀರಿ. ಅದಕ್ಕೇ ನಿಮ್ಮ ಹಠವನ್ನೇ ಹಿಡಿದು ಜಗ್ಗಾಡಿದೆ. ಹಠಕ್ಕೇನೂ ನಾನು ಸುಳ್ಳು ಸಾಕ್ಷಿ ಹುಡುಕಬೇಕಾಗಿರಲಿಲ್ಲ ಬಿಡಿ.

ಈಗ ಗೆದ್ದ ಕಥೆ ಕೇಳಿ. ಹೊಸ ಕೋಚ್ ಯಾರು ಗೊತ್ತಾ? ನಮ್ಮ ಬೀದಿಯ ತನುಶ್ರೀ! ಹತ್ತು ವರ್ಷದವಳಿದ್ದಾಗ ಹುಡುಗರ ಜೊತೆ ಆಡ್ತೀನಿ ಅಂತ ಹಠ ಮಾಡಿ ನಿಮ್ಮ ಮುಂದೆ ಅತ್ತವಳು, ನೀವೇ ಬೂಟು ಕೊಡಿಸಿ ಕಲಿಸಿದವಳು, ಈಗ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಎರಡು ಮ್ಯಾಚಿನಲ್ಲಿ ನಾಲ್ಕು ಪಾಯಿಂಟ್ ಬೇಕಿತ್ತು. ಮೊದಲನೆಯದು ಸಮ ಆಯಿತು. ನಿನ್ನೆ ಹಲಸೂರಿನವರ ಮೇಲೆ ಗೆಲ್ಲಲೇಬೇಕು. ಅಶೋಕನಗರದ ಸ್ಟೇಡಿಯಮ್ಮಿಗೆ ಎರಡು ಟೆಂಪೊ ಮಾಡಿಕೊಂಡು ಹೋದೆವು. ನನ್ನ ಪಕ್ಕದ ಸೀಟು ಖಾಲಿ ಇತ್ತು. ಯಾರೂ ಬಂದು ಕೂರಲಿಲ್ಲ. ಕೊನೆಗೆ ಓಬಳಪ್ಪ ಬಂದು ಕೂತ. ಮುಖ ಆ ಕಡೆ ತಿರುಗಿಸಿಕೊಂಡೇ ಕೂತಿದ್ದ, ಆದರೆ ಅವನ ಬಾಯಿ ಸುಮ್ಮನಿರಬೇಕಲ್ಲ, ಶುರುವಿನಿಂದ ಕೊನೆತನಕ ರೇಡಿಯೋ ಹಾಗೆ ಒದರುತ್ತಲೇ ಇದ್ದ. ನನಗೂ ಅದೇ ಬೇಕಿತ್ತು.

ಹದಿನೈದನೇ ನಿಮಿಷಕ್ಕೇ ಅವರದ್ದು ಒಂದು ಗೋಲಾಯಿತು. ಅರ್ಧ ಮುಗಿದ ಮೇಲೆ ತನುಶ್ರೀ ಏನು ಮಾಡಿದಳು ಗೊತ್ತಾ? ಲಿಖಿತನನ್ನು ಹಿಂದಿನಿಂದ ಕಿತ್ತು ಮುಂದೆ ಆಡಲು ಬಿಟ್ಟಳು! ನಾಲ್ಕು ವರ್ಷದಿಂದ ನಾನು ಅನ್ನ ಬಡಿಸುವಾಗೆಲ್ಲ ಹೇಳುತ್ತಿದ್ದೆ, ಆ ಹುಡುಗನ ಎತ್ತರಕ್ಕೆ ಮುಂದೆ ಆಡಲಿ ಅಂತ. ನಿನಗೇನು ಗೊತ್ತು, ಹುಳಿ ಬಡಿಸು ಅನ್ನುತ್ತಿದ್ದಿರಿ. ಆಕರ್ಷ ಕಾರ್ನರ್ ಹೊಡೆದ, ಲಿಖಿತ್ ತಲೆ ಕೊಟ್ಟ, ಗೋಲು. ಮುಗಿಯೋಕೆ ನಾಲ್ಕು ನಿಮಿಷ ಇರುವಾಗ ಲಿಖಿತ್ ಎದೆಯಲ್ಲಿ ಚೆಂಡು ಇಳಿಸಿ ಪಕ್ಕಕ್ಕೆ ತಳ್ಳಿದ, ಆಕರ್ಷ ಬಾರಿಸಿದ. ಓಬಳಪ್ಪ ಬಂತು ಸರಸ್ವತಮ್ಮಾ ಬಂತು ಅಂತ ಕೂಗಿ ನನ್ನ ಕೈ ಹಿಡಿದು ಕುಣಿಸಿಬಿಟ್ಟ. ಅರವತ್ತೆರಡು ವರ್ಷಕ್ಕೆ ನಾನು ಸ್ಟೇಡಿಯಮ್ಮಿನ ಮೆಟ್ಟಿಲ ಮೇಲೆ ಕುಣಿದೆ. ಸೆರಗು ಎಲ್ಲೋ, ಚಪ್ಪಲಿ ಎಲ್ಲೋ. ಒಂದು ಚಪ್ಪಲಿ ಇನ್ನೂ ಸಿಕ್ಕಿಲ್ಲ. ಇಂಥ ಖುಷಿ ನಾನು ಕಂಡೇ ಇಲ್ಲ ರೀ.

ವಾಪಸ್ ಬರುವಾಗ ತಮಟೆ ಬಡಿಸಿಕೊಂಡೇ ಬಂದೆವು. ಕಡಲೆಕಾಯಿ ಪರಿಷೆಯ ಜನಕ್ಕೆ ಬುಲ್ ಟೆಂಪಲ್ ರಸ್ತೆ ಮುಚ್ಚಿಹೋಗಿತ್ತು, ಟೆಂಪೊ ಮುಂದೆ ಹೋಗಲಿಲ್ಲ. ಹುಡುಗರು ಇಳಿದು ಆ ರಾಶಿಗಳ ಮಧ್ಯೆಯೇ ಕುಣಿದರು. ಯಾವ ದೇವರ ಉತ್ಸವ ಅಂತ ಪರಿಷೆಗೆ ಬಂದವರು ಕೇಳಿದರು. ಓಬಳಪ್ಪ ತನುಶ್ರೀ ಕಡೆ ಕೈ ತೋರಿಸಿ ಅಮ್ಮನವರದ್ದು ಅಂದ. ಆಮೇಲೆ ನನ್ನ ಹತ್ತಿರ ಬಂದು, ನೀವು ಮಾಡಿದ್ದೇ ಸರಿ ತಾಯಿ, ನಾಳೆ ಬನ್ನಿ, ಅಪ್ಪಟ ಪುಡಿ ಕೊಡ್ತೀನಿ ಅಂದ. ‘ತೆಗೀಬೇಕು’ ಪಕ್ಷ ಗೆದ್ದದ್ದು ಅಕ್ಟೋಬರಿನಲ್ಲಿ ಅಲ್ಲ, ಆ ಕ್ಷಣದಲ್ಲಿ. ಇವತ್ತು ಬೆಳಗಿನ ಕಾಫಿ ಎಷ್ಟು ಚೆನ್ನಾಗಿತ್ತು ಅಂದರೆ ಎರಡು ಲೋಟ ಕುಡಿದೆ.

ಒಂದು ಮಾತು ಮಾತ್ರ ಬಾಕಿ. ಮುಂದಿನ ಸೀಸನ್ನಿಗೂ ನೀನೇ ಇರು ಅಂತ ಚಂದ್ರಶೇಖರಯ್ಯನವರು ತನುಶ್ರೀಗೆ ಹೇಳಿದರು. ಗೋಲ್‌ಕೀಪರುಗಳನ್ನು ತಯಾರು ಮಾಡೋಕೆ ಸರ್ ಬಂದರೆ ಇರ್ತೀನಿ, ಇಲ್ಲದಿದ್ದರೆ ಇಲ್ಲ ಅಂದಳು. ಕೀಪರಿನ ಕೆಲಸ ನಾಲ್ಕು ಮಾರಿನ ಒಳಗೇ ನಡೆಯೋದು. ಅವಳಿಗೆ ನಾನು ಏನೂ ಹೇಳಿಲ್ಲ, ದೇವರಾಣೆ. ಜಾಣೆ ಹುಡುಗಿ, ಏನು ಕಂಡುಕೊಂಡಿದ್ದಾಳೋ ಕೇಳೋಕೂ ಹೋಗಲಿಲ್ಲ.

ಮನೆಗೆ ಬನ್ನಿ ರೀ. ನಿಮ್ಮನ್ನು ಸೋಲಿಸಿ ಗೆದ್ದ ಖುಷಿಯನ್ನು ನಿಮ್ಮ ಹತ್ತಿರವೇ ಹೇಳಿಕೊಳ್ಳಬೇಕು, ಬೇರೆ ಯಾರಿಗೆ ಹೇಳಿದರೂ ರುಚಿ ಇಲ್ಲ. ಕಾಗದ ಮುಟ್ಟಿದ ದಿನವೇ ಹೊರಡಿ. ತಿಮ್ಮಕ್ಕನಿಗೆ ನನ್ನ ನಮಸ್ಕಾರ ಹೇಳಿ, ಮೂರು ವಾರ ನಿಮ್ಮ ಮುಖ ತಡೆದುಕೊಂಡಿದ್ದಕ್ಕೆ.

ಇಂತಿ,
ಗೆದ್ದು ಬೀಗುತ್ತಿರುವ ನಿಮ್ಮ
ಸರಸ್ವತಿ

ತಾ.ಕ.: ಇದನ್ನು ಬರೆಯಬಾರದು ಅಂತಲೇ ಸಹಿ ಹಾಕಿದ್ದೆ. ಕವರಿಗೆ ಅಂಟು ಹಚ್ಚೋಕೆ ಕೈ ಬರಲಿಲ್ಲ. ನೀವು ಹೋದ ಮೇಲೆ ನಿಮಗೆ ಸಮಯ ಕೇಳೋಣ ಅಂತ ಮಿಂಟೋ ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಸಾಲಿನಲ್ಲಿ ನಿಂತವಳನ್ನು ಪೇಷಂಟು ಅಂತ ತಿಳಿದು ಕೂರಿಸಿ ನನ್ನ ಕಣ್ಣನ್ನೇ ನೋಡಿದರು. ಬೋರ್ಡಿನ ಅಂಕಿ ಓದಿ ಅಂದರು. ಎಂಟು ಅಂದೆ. ಅದು ಮೂರಮ್ಮ ಅಂದರು ಡಾಕ್ಟರು. ಆಸ್ಟಿನ್ ಟೌನ್ ಮ್ಯಾಚಿನ ದಿನ ಎಂಟು ಕುಂಟ್ತಿದಾನೆ, ಎಂಟನ್ನ ತೆಗೀರಿ ಅಂತ ನಿಮ್ಮ ಬೆನ್ನ ಹಿಂದೆ ಕೂಗಿದ್ದು ನಾನು. ಬಾಯಿ ತಪ್ಪಿರಬೇಕು, ಇಲ್ಲ ನಿಮಗೇ ತಪ್ಪು ಕೇಳಿಸಿರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅದೇ ತಪ್ಪನ್ನು ತೊಂಬತ್ತೊಂಬತ್ತು ಜನರ ಮುಂದೆ ನಿಮ್ಮ ತಲೆಗೆ ಕಟ್ಟಿದೆ. ನೀನೇ ಅಲ್ಲವೇನೇ ಕೂಗಿದ್ದು ಅಂತ ಒಂದು ಮಾತು ಅಂದಿದ್ದರೆ ನೀವು ಅವತ್ತೇ ಬಚಾವಾಗುತ್ತಿದ್ದಿರಿ. ನೀವು ಅನ್ನಲಿಲ್ಲ. ನಿಮ್ಮನ್ನು ತೆಗೆಸಿದ್ದಕ್ಕೆ ನಾನು ಕ್ಷಮೆ ಕೇಳಲ್ಲ, ನೀವು ಹಾಗೆ ಸುಮ್ಮನಿದ್ದಿದ್ದಕ್ಕೆ ಮಾತ್ರ ಕಾಲಿಗೆ ಬೀಳಬೇಕು ಅನ್ನಿಸುತ್ತದೆ.

ನನಗೂ ಪೊರೆಯಂತೆ. ಆಪರೇಷನ್ ಆದವರಿಗೆ ಮನೆಯಲ್ಲಿ ಇನ್ನೊಬ್ಬರು ಹೊತ್ತು ಹೊತ್ತಿಗೆ ಹನಿ ಹಾಕಬೇಕು, ಅದಕ್ಕೇ ಇಬ್ಬರಿಗೂ ಒಂದೇ ದಿನ ಬೇಡ ಅಂದಿದ್ದಾರೆ. ಮೊದಲು ನಿಮ್ಮ ಕಣ್ಣೋ ನನ್ನ ಕಣ್ಣೋ, ಬಂದು ನೀವೇ ತೀರ್ಮಾನ ಮಾಡಿ. ಈ ಸಲ ನಾನು ಹಿಂದಿನಿಂದ ಏನೂ ಕೂಗಲ್ಲ.