ಹಸಿರು ಶಾಲು, ಹಸಿರು ಪರದೆ

ಸಿ.ಎಸ್. ಪುರ

ಅಳಿಯ ಅಂಜನ್‌ಕುಮಾರನಿಗೆ,

ನಿನ್ನ ಸೋದರಮಾವನ ನಟನೆಗೆ ಹೆದರಿ ಹಿಂದಿ ಹೀರೋಗಳೇ ಗುಬ್ಬಿ ಕಡೆ ತಲೆ ಹಾಕುವುದಿಲ್ಲ, ನಿನಗೆ ಗೊತ್ತೇ ಇದೆ. ಅಂಥವನನ್ನು ನಿನ್ನ ಸದಾಶಿವನಗರದ ಸ್ಟುಡಿಯೋದಲ್ಲಿ ಹಸಿರು ಪರದೆಯ ಮುಂದೆ ನಿಲ್ಲಿಸಿ ಕಿರುಚಿತ್ರದ ರೈತನಾಯಕನನ್ನಾಗಿ ಮಾಡಿದೆ. ಕಂಪ್ಯೂಟರು ಹಸಿರನ್ನು ಅಳಿಸಿ ಅಲ್ಲಿ ವಿಧಾನಸೌಧ ಕೂರಿಸುತ್ತದೆ ಅಂದೆ ನೀನು. ನಾನು ಮೈತುಂಬ ಹೊದ್ದಿದ್ದ ಹಸಿರು ಶಾಲು ತೆಗಿ ಎಂದು ನೀನು ಹೇಳಿದಾಗ, "ಹಸಿರು ಶಾಲಿಲ್ದೆ ಅದ್ಯಾವ ರೈತನಾಯಕನ್ಲಾ?" ಅಂದೆ ನಾನು. "ಇರ್ಲಿ ಬುಡು ಮಾಮ, ಆಮೇಲೆ ಸರಿ ಮಾಡ್ತೀನಿ" ಅಂದವನು ನೀನು.

ಮೊನ್ನೆ ಗುಬ್ಬಿಯಲ್ಲಿ ಪಿಕ್ಚರ್ ತೋರಿಸಿದಾಗ ಪರದೆಯ ಜೊತೆ ಶಾಲೂ ಮಾಯವಾಗಿತ್ತು. ನನ್ನ ಎದೆಯೊಳಗೆ ವಿಧಾನಸೌಧದ ಕಂಬಗಳು. "ರಂಗಣ್ಣ ಮೈನ ಊರಲ್ಲೇ ಬುಟ್ಟು ತಲೆ ಒಂದೇ ತಂದವ್ನೆ ಕಣ್ರಲಾ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿದ್ದ ನಿಮ್ಮತ್ತೆ ನಗಲಿಲ್ಲ.

ಸಾಫ್ಟ್‌ವೇರಿಗೆ ಬಣ್ಣ ಬಿಟ್ಟರೆ ಬೇರೇನೂ ತಿಳಿಯದು, ನೀಲಿ ಪರದೆ ಕಟ್ಟಬೇಕಿತ್ತು ಎಂದು ಈಗ ಹೇಳುತ್ತೀಯ. ಇರಲಿ. ನಿಮ್ಮತ್ತೆ ಫೋನ್ ಮಾಡಿ ಖರ್ಚೆಷ್ಟು ಎಂದು ಕೇಳಿದರೆ ಇಪ್ಪತ್ತು ಸಾವಿರ ಅನ್ನು. ತನ್ನ ಚಿನ್ನದ ಸರ ಇನ್ನೂ ಬ್ಯಾಂಕ್ ಲಾಕರಿನಲ್ಲಿದೆ ಎಂದೇ ಅವಳು ನಂಬಿದ್ದಾಳೆ. ಅದನ್ನು ಮಾರಿ ನಿನ್ನ ಕೈಗಿಟ್ಟಿದ್ದು ಎರಡು ಲಕ್ಷ ಹತ್ತು ಸಾವಿರ.

ತಲೆ ಮಾತ್ರ ಉಳಿದಿರುವ ನಿನ್ನ ಮಾವ,
ಚಿಕ್ಕರಂಗಯ್ಯ