ಅವ್ವನ ಹಾಡಿನ ಪುಸ್ತಕಕ್ಕೆ ನಂಬರು ಬಿದ್ದದ್ದು

ಸೋಮವಾರಪೇಟೆ
೧೩-೮-೧೯೬೩

ನಾಪೋಕ್ಲಿನ ಮಗಳು ಪೂವಮ್ಮನಿಗೆ, ಮುಖ ನೋಡದೆಯೇ ನಿನ್ನನ್ನು ಹಚ್ಚಿಕೊಂಡಿರುವ ಸುಮಿತ್ರಮ್ಮನ ಆಶೀರ್ವಾದಗಳು.

ನನ್ನ ತಮ್ಮ ಮಲ್ಲಪ್ಪನಿಂದ ವಿಳಾಸ ಪಡೆದು ನೀನು ಬರೆದ ಕಾಗದ ತಲುಪಿತು. ‘ನಿಮ್ಮ ಪುಸ್ತಕವೆಂದು ಗೊತ್ತಿರಲಿಲ್ಲ ಅಮ್ಮಾ, ಅಂಚೆಯಲ್ಲಿ ಕಳಿಸಿಬಿಡಲೇ?’ ಎಂದು ಕೇಳಿದ್ದೀಯ. ತಪ್ಪು ನಿನ್ನದಲ್ಲ ಮಗಳೇ, ಲೈಬ್ರರಿಯವರದೂ ಅಲ್ಲ. ನನ್ನದೇ.

ನಮ್ಮವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ರಾಗಿ ಬೀಸುತ್ತಾ ಅವಳು ಹೇಳಿದ ಶಿವನ ಹಾಡುಗಳನ್ನು ನಾನು ನನ್ನ ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಬರೆದಿಟ್ಟ ಪುಸ್ತಕ ಅದು. ದಿನಾ ಪೂಜೆಗೆ ತೆಗೆದೂ ತೆಗೆದೂ ಹೊಲಿಗೆ ಬಿಟ್ಟಿತ್ತು. ಮಲ್ಲಪ್ಪ ನಿಮ್ಮ ವಿಶ್ವವಿದ್ಯಾನಿಲಯದ ಲೈಬ್ರರಿಯಲ್ಲಿ ಬೈಂಡಿಂಗ್ ಕೆಲಸದವನಲ್ಲವೇ, ಅವನ ಹತ್ತಿರ ಒಯ್ದೆ. ಕೈಗೆಲ್ಲ ಅಂಟು ಮೆತ್ತಿಕೊಂಡಿದ್ದವನು ‘ಅಲ್ಲೇ ಕೆಳಗಿಡಕ್ಕ, ಆಮೇಲೆ ಹೊಲಿತೀನಿ’ ಅಂದ. ಶಿವನ ಹೆಸರಿರುವ ಪುಸ್ತಕವನ್ನು ನೆಲಕ್ಕಿಡುವುದೇ? ಪಕ್ಕದ ಕೋಣೆಯಲ್ಲಿ ಎತ್ತರದ ಮೇಜು ಕಂಡಿತು. ಅಲ್ಲಿದ್ದ ಪುಸ್ತಕದ ರಾಶಿಯ ಮೇಲಿಟ್ಟು, ಕೈಮುಗಿದು, ಬಸ್ಸು ಹಿಡಿದೆ. ಅದು ಲೈಬ್ರರಿಗೆ ದಾನವಾಗಿ ಬಂದ, ನಂಬರು ಬೀಳಬೇಕಾದ ಪುಸ್ತಕಗಳ ಮೇಜೆಂದು ನನಗೇನು ಗೊತ್ತು!

ತಿಂಗಳ ಮೇಲೆ ಮಲ್ಲಪ್ಪನ ಕಾಗದ: ‘ಅಕ್ಕ, ನಿನ್ನ ಪುಸ್ತಕಕ್ಕೆ ಲೈಬ್ರರಿ ಮೊಹರು ಬಿದ್ದಿದೆ. ನಾಪೋಕ್ಲು ಕಡೆಯ ಹುಡುಗಿಯೊಬ್ಬಳು ಓದಲು ಒಯ್ದಿದ್ದಾಳೆ.’ ಮೊದಲ ಬಸ್ಸಿಗೇ ಹೊರಟೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಹೋದೆ. ಅವನು ನನ್ನನ್ನು, ಪುಸ್ತಕಕ್ಕೊಂದರಂತೆ ಕಾರ್ಡು ಜೋಡಿಸಿಟ್ಟ ಸಣ್ಣ ಸಣ್ಣ ಡ್ರಾಯರುಗಳ ಬೀರುವಿನ ಮುಂದೆ ನಿಲ್ಲಿಸಿ, ಒಂದನ್ನು ಎಳೆದು, ‘ಓದಕ್ಕ’ ಅಂದ. ಕಾರ್ಡಿನಲ್ಲಿ, ಪುಸ್ತಕ ಬರೆದವರ ಹೆಸರಿರುವ ಜಾಗದಲ್ಲಿ, ‘ಗಂಗಮ್ಮ, ಸೋಮವಾರಪೇಟೆ’ ಎಂದಿತ್ತು. ಮೊದಲ ಪುಟದಲ್ಲಿ ‘ಗಂಗಮ್ಮ ಹೇಳಿದ ಹಾಡುಗಳು, ಸೋಮವಾರಪೇಟೆ’ ಎಂದು ನಾನು ಬರೆದದ್ದನ್ನು ನೋಡಿ ಹಾಕಿದ್ದಾರೆ. ಜೀವಮಾನವೆಲ್ಲ ಹೆಬ್ಬೆಟ್ಟು ಒತ್ತಿದವಳು ನಮ್ಮವ್ವ! ಬೈಗುಳವೆಲ್ಲ ಮರೆತೇಹೋಯಿತು. ನಗುತ್ತಾ ಅತ್ತೆ. ‘ಸದ್ದು ಮಾಡ್ಬೇಡಕ್ಕ, ಇಲ್ಲಿ ಓದ್ತಾವ್ರೆ’ ಎಂದು ಅವನು ಗದರಿದರೆ, ‘ಅವ್ವ ಇರೋ ಮನೇಲಿ ನಂಗೇ ಬಾಯ್ಮುಚ್ಚು ಅಂತೀಯೇನೋ!’ ಅಂದೆ. ಓದುತ್ತಿದ್ದವರೂ ನಕ್ಕುಬಿಟ್ಟರು.

ಕಾರ್ಡಿನಲ್ಲಿ ನಮ್ಮ ಕಡೆಯ ಊರಿನ ಹೆಸರು ಕಂಡೇ ಪುಸ್ತಕ ತೆಗೆದುಕೊಂಡೆ ಎಂದು ಬರೆದಿದ್ದೀಯ. ಹಾಡಿನ ಪಕ್ಕ ನಾನು ಗೀಚಿದ್ದ ‘ಗೌರಿ ಹೆಣ್ಣುಕರು ಹಾಕಿತು’, ‘ಸಂತೆಯಿಂದ ಉಪ್ಪು’ ಓದಿ ಹಾಸ್ಟೆಲಿನ ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕಿರಂತೆ. ನಗಿ. ಅವ್ವ ಇದ್ದಿದ್ದರೆ ನಿಮಗಿಂತ ಜೋರಾಗಿ ನಗುತ್ತಿದ್ದಳು.

ಪುಸ್ತಕ ನನಗೆ ಕಳಿಸಬೇಡ. ಲೈಬ್ರರಿಯವರಿಗೆ ಹೇಳಿ ಬಿಡಿಸಿಕೊಡುತ್ತೇನೆಂದು ಮಲ್ಲಪ್ಪನೂ ಅಂದ, ನಾನೇ ಬೇಡವೆಂದೆ. ವಾಯಿದೆ ಮುಗಿದ ದಿನ ಲೈಬ್ರರಿಗೇ ಕೊಡು. ನಾಳೆ ಇನ್ನೊಬ್ಬಳು ಮನೆ ನೆನೆಸಿಕೊಂಡು ಆ ಡ್ರಾಯರು ಎಳೆಯುತ್ತಾಳೆ.

ಕೊಡುವ ಮುಂಚೆ ಒಂದು ಉಪಕಾರ ಮಾಡು. ಹಾಡೆಲ್ಲ ಬಾಯಿಗೆ ಬರುತ್ತದೆಂದು ನನಗೆ ಜಂಬವಿತ್ತು. ನಿನ್ನೆ ಶ್ರಾವಣ ಸೋಮವಾರ, ಲಿಂಗಪೂಜೆಗೆ ಕೂತು ಬಿಲ್ವಪತ್ರೆಯ ಹಾಡು ಎತ್ತಿದರೆ ಕೊನೆಯ ನುಡಿ ಬರಲೇ ಇಲ್ಲ. ‘ಸ್ವಲ್ಪ ತಡಿಯಪ್ಪ, ನಾಪೋಕ್ಲು ಹುಡುಗಿ ಕಳಿಸ್ತಾಳೆ’ ಎಂದು ಶಿವನಿಗೆ ಹೇಳಿ ಮಂಗಳಾರತಿ ಮಾಡಿದ್ದೇನೆ. ಮುಂದಿನ ಸೋಮವಾರಕ್ಕೆ ಮುಟ್ಟುವಂತೆ ಆ ಒಂದು ನುಡಿ ನಿನ್ನ ಕೈಯಾರೆ ಬರೆದು ಕಳಿಸು. ದೇವರ ಮುಂದೆ ಮಾತು ಕೊಟ್ಟಾಗಿದೆ.

ನಿನ್ನ ಕಣ್ಣನ್ನೂ ನಿನ್ನ ಓದನ್ನೂ ಶಿವ ಕಾಯಲಿ.

ಗಂಗಮ್ಮನ ಮಗಳು,
ಸುಮಿತ್ರಮ್ಮ