ಬಾಲ್ಸಾಸ್ ದಾರಿ, ನನ್ನ ಹೊಟ್ಟೆ

ಜೂನ್ 9
ಮತ್ತೆ ಟಿಕೆಟ್ ಕೌಂಟರ್. ಚಹಾ, ಒಂದು ತುಂಡು ಬ್ರೆಡ್. ಅದಕ್ಕಿಂತ ಹೆಚ್ಚು ತಿನ್ನೋಕೆ ಭಯ. ಚಾಚಾಪೋಯಾಸ್ ಊರಿಗೆ ಹೋಗೋ ಬಸ್ ಬೆಳಿಗ್ಗೆ ಐದಕ್ಕೆ ಹೊರಟಿತು, ನಾನಿಲ್ಲದೆ. ಚೌಕದ ತಿರುವಲ್ಲಿ ಗೇರ್ ಬದಲಿಸಿದ ಸದ್ದು ಇಲ್ಲಿಗೂ ಕೇಳಿಸಿತು. ಹೊಸ ಡ್ರೈವರಿಗೆ ಅವಸರ. ಆ ಸದ್ದು ಕೇಳೋಕಾಗಲಿಲ್ಲ.

ಎಲ್ಲ ಹಲ್ಲುನೋವಿನಿಂದ. ಒಂದು ಕೋರ್ಸ್ ಆಂಟಿಬಯೋಟಿಕ್ ಸಾಲದೆ ಇನ್ನೊಂದು. ದವಡೆ ಇಳಿಯಿತು, ಹೊಟ್ಟೆ ಕೆಟ್ಟಿತು. ಬಾಲ್ಸಾಸ್ ಇಳಿಜಾರಲ್ಲಿ, ಒಂದು ಕಡೆ ಬಂಡೆ ಇನ್ನೊಂದು ಕಡೆ ಪ್ರಪಾತ ಇರೋ ಕಡೆ, ಬಸ್ ನಿಲ್ಲಿಸಿ ಓಡಿದ್ದೆ. ಸ್ವಲ್ಪ ದೂರ ಹೋಗಿ ಮತ್ತೆ. ಮುಂದಿನ ಸೀಟಿನ ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ, ನನ್ನ ಹೆಸರು ಹಿಡಿದು, "ನಿಧಾನ ಬಾರಪ್ಪ ಅದೆಲ್ಮೋ, ಬೆಟ್ಟ ಎಲ್ಲೂ ಓಡಿಹೋಗಲ್ಲ" ಅಂದಳು. ಇಡೀ ಬಸ್ ನಕ್ಕಿತು. ವಿಷಯ ತಿಳಿದ ಬಸ್ ಮಾಲೀಕ ದೋನ್ ಎವರಿಸ್ತೋ ಮಾತ್ರ ನಗಲಿಲ್ಲ.
"ಮೊದಲು ಹೊಟ್ಟೆ ಸರಿ ಮಾಡ್ಕೊ. ಆಮೇಲೆ ಸ್ಟಿಯರಿಂಗ್."
ಇಪ್ಪತ್ತು ವರ್ಷ ನಾನೇ ಬಸ್ ಓಡಿಸಿದ ದಾರಿ. ಈಗ ಚಿಲ್ಲರೆ ಕೊಡ್ತಾ ಕೂತಿದೀನಿ.

ಜೂನ್ 11
ಆಸ್ಪತ್ರೆ. ಡಾಕ್ಟರ್ ಯೆಸೆನಿಯಾ ಪರೀಕ್ಷೆಯ ಕಾಗದ ನೋಡಿದರು. ಸೋಂಕು ಏನೂ ಇಲ್ಲ. ಔಷಧಿ ಕೆಟ್ಟ ಬ್ಯಾಕ್ಟೀರಿಯಾದ ಜೊತೆಗೆ ಕರುಳಲ್ಲಿದ್ದ ಒಳ್ಳೆಯವನ್ನೂ ಕೊಂದಿದೆಯಂತೆ.
"ಮತ್ತೆ ಬರ್ತವಾ?"
"ಊಟ ಹಾಕಿದ್ರೆ ಬರ್ತವೆ. ನೀವು ಬರೀ ಬ್ರೆಡ್ ತಿಂತಿದೀರಿ, ಅವಕ್ಕೆ ಏನೂ ಉಳಿಯಲ್ಲ."
ನಮಗೆ ಅರಗದ ನಾರು ಅವಕ್ಕೆ ಅನ್ನ. ಯಾಕೋನ್ ಗೆಡ್ಡೆ, ಕಾಳು, ಬಾರ್ಲಿ, ಓಟ್ಸ್. ಇನ್ನೂ ಏನೋ ಹೇಳ್ತಿದ್ದರು, ನಾನು ಆಗಲೇ ಎದ್ದಿದ್ದೆ.

ಜೂನ್ 12
ಬಸ್ ಸ್ಟ್ಯಾಂಡ್ ಎದುರು ದೊಮಿತಿಲಳ ಬುಟ್ಟಿ. ಬೇಯಿಸಿದ ಕಾಳು ಮಾರ್ತಾಳೆ, ಈ ಕಾಲದಲ್ಲಿ ಯಾಕೋನ್ ಕೂಡ. ಅದನ್ನೇ ಒಂದು ಚೀಲ ತುಂಬಿಸಿದೆ.
"ಯಾರ ಮನೆ ಮದುವೆ?"
"ನನಗೇ."
"ನಿಮಗೇ ಮದುವೆಯಾ?"
"ತಿನ್ನೋಕೆ."
ಕಣ್ಣರಳಿಸಿ ನೋಡಿದಳು. ಒಳ್ಳೆ ಸಿಹಿ, ಕಚ್ಚಿದರೆ ಬಾಯ್ತುಂಬ ನೀರು. ಅರ್ಧ ಚೀಲ ಖಾಲಿ ಮಾಡಿದೆ.

ಜೂನ್ 13
ಹೊಟ್ಟೆ ತಮಟೆ. ಕೂರೋಕಾಗಲ್ಲ. ಬರೆಯೋಕೂ.

ಜೂನ್ 15
ನನ್ನ ಕರುಳಿನ ಕಥೆ ಕೇಳಿ ದೊಮಿತಿಲ ನಕ್ಕು ನಕ್ಕು ಶಾಲಿನ ಅಂಚಲ್ಲಿ ಕಣ್ಣು ಒರೆಸಿಕೊಂಡಳು.
"ಉಪವಾಸ ಇದ್ದವಕ್ಕೆ ಒಂದೇ ಸಲ ಹಬ್ಬದೂಟ ಹಾಕಿದ್ರಲ್ಲ. ಒಳಗೆ ಕುಣೀದೆ ಇನ್ನೇನು ಮಾಡ್ತವೆ?"
ಡಾಕ್ಟರೂ ಅದನ್ನೇ ಹೇಳಿದರು. "ಸ್ವಲ್ಪ ಸ್ವಲ್ಪ ಅಂತ ಹೇಳೋಷ್ಟರಲ್ಲಿ ಬಾಗಿಲಾಚೆ ಇದ್ರಿ."
ಇನ್ಮುಂದೆ ದೊಮಿತಿಲ ಕತ್ತರಿಸಿಕೊಟ್ಟಷ್ಟೇ. ಇವತ್ತು ಎರಡು ತೆಳು ಹೋಳು. ಮಗುವಿಗೆ ಕೊಟ್ಟ ಹಾಗೆ.

ಜುಲೈ 4
ಹೋಳು ದಪ್ಪವಾಗಿದೆ. ಜೊತೆಗೆ ಬಾರ್ಲಿ ಗಂಜಿ, ಈರುಳ್ಳಿ ಹಾಕಿ ನಿಂಬೆಹುಳಿ ಹಿಂಡಿದ ಕಾಳು. ಒಂದು ದಿನ ಚೆನ್ನಾಗಿದ್ದರೆ ಇನ್ನೊಂದು ದಿನ ಮತ್ತೆ ಗುಡುಗು. ಆದರೂ ನಿದ್ದೆ ಬರ್ತಿದೆ. ಕೌಂಟರಿನಲ್ಲಿ ಯಾರ ಮೇಲೂ ರೇಗಿಲ್ಲ. ಕರುಳು ನೆಮ್ಮದಿಯಾಗಿದ್ದರೆ ಮನಸ್ಸೂ ತಣ್ಣಗಾಗಬಹುದು ಅಂದರು ಡಾಕ್ಟರ್. ಇರಬಹುದು. ದೊಮಿತಿಲ ಕೂಡ ಕಾರಣ ಇರಬಹುದು...

ಜುಲೈ 22
ಮಧ್ಯಾಹ್ನ ಈಗ ಅವಳ ಪಕ್ಕದ ಸ್ಟೂಲಲ್ಲೇ ಊಟ. ಅವಳ ಮಗಳು ಬಾಲ್ಸಾಸ್ ದಾಟಿ ಆಚೆ, ಲೇಮೆಬಾಂಬಾದಲ್ಲಿ. ಮೊಮ್ಮಗ ಹುಟ್ಟಿ ಆರು ತಿಂಗಳು, ಇವಳು ನೋಡಿಲ್ಲ. ಬಾಲ್ಸಾಸ್ ದಾರಿ ಅಂದರೆ ಬಸ್ ಹತ್ತೋಕೇ ಆಗಲ್ಲವಂತೆ. ಅವಳ ಅಣ್ಣನ ಲಾರಿ ಅಲ್ಲೇ ಉರುಳಿದ್ದು. ಗೊತ್ತಿರಲಿಲ್ಲ ನನಗೆ.
"ನೀವು ಓಡಿಸಿದ್ರೆ ಬರೋಣ ಅಂತಿದ್ದೆ," ಅಂದಳು. "ನೀವು ನೋಡಿದ್ರೆ ಕೌಂಟರ್ ಹಿಡ್ಕೊಂಡು ಕೂತಿದೀರಿ."
ತಮಾಷೆಗೆ ಹೇಳಿದ್ದಲ್ಲ. ನಗಲಿಲ್ಲ ಅವಳು.

ಆಗಸ್ಟ್ 18
ಬಾಲ್ಸಾಸ್ ತನಕ ಹೋಗಿ ಬಂದೆ, ಪ್ರಯಾಣಿಕನಾಗಿ. ಯಾರಿಗೂ ಹೇಳದೆ ಟಿಕೆಟ್ ಹರಿದುಕೊಂಡು ಹಿಂದೆ ಕೂತೆ. ಪ್ರತಿ ತಿರುವಲ್ಲೂ ಕೈ ಹೊಟ್ಟೆ ಮೇಲೆ. ಏನೂ ಆಗಲಿಲ್ಲ. ಹೋಗೋವಾಗಲೂ, ಬರೋವಾಗಲೂ. ಕೆಳಗೆ ಸೇತುವೆ ಹತ್ತಿರ ಸುಮ್ಮನೆ ಬಿಸಿಲಲ್ಲಿ ನಿಂತಿದ್ದೆ, ಎಷ್ಟೋ ಹೊತ್ತು.

ಆಗಸ್ಟ್ 27
ದೋನ್ ಎವರಿಸ್ತೋ ಡಾಕ್ಟರ ಚೀಟಿ ಎರಡು ಸಲ ಓದಿದ.
"ನಿಜ ಹೇಳು, ಎಲ್ಲ ಸರಿಯಿದೆಯಾ?"
"ಇದೆ. ಆದ್ರೆ ದಾರಿಯಲ್ಲಿ ಬಿಳಿ ಅನ್ನ, ಕರಿದ ಕೋಳಿ ಬೇಡ. ನನ್ನ ಡಬ್ಬಿ ನಾನೇ ತರ್ತೀನಿ."
"ಡಬ್ಬಿ ಯಾರು ಕಟ್ಟಿಕೊಡ್ತಾರೋ?"
ಊರಿಗೆಲ್ಲ ಗೊತ್ತಿದೆ ಅಂತಾಯ್ತು.
ಸೋಮವಾರದಿಂದ ಬಸ್ ನನ್ನದು.

ಸೆಪ್ಟೆಂಬರ್ 14, ಬೆಳಿಗ್ಗೆ ಏಳೂವರೆ, ಬಾಲ್ಸಾಸ್
ದೊಮಿತಿಲ ಬಂದಿದ್ದಾಳೆ. ನನ್ನ ಹಿಂದಿನ ಸೀಟು. ಇಳಿಜಾರು ಪೂರ್ತಿ ನನ್ನ ಸೀಟಿನ ಬೆನ್ನು ಹಿಡಿದುಕೊಂಡಿದ್ದಳು. ಒಂದು ಕಡೆ ನಿಧಾನ ಮಾಡಿದೆ, ಅವಳ ಅಣ್ಣನ ನೆನಪಿಗೆ ರಸ್ತೆ ಬದಿ ಶಿಲುಬೆ ಇರೋ ಕಡೆ. ಅವಳು ಏನೋ ಪಿಸುಗುಟ್ಟಿದಳು, ಆಮೇಲೆ "ಹೋಗೋಣ" ಅಂದಳು.

ಈಗ ಎಲ್ಲರೂ ತಿಂಡಿಗೆ ಇಳಿದಿದ್ದಾರೆ. ಅವಳು ಮಾವಿನ ಮರದ ಕೆಳಗೆ ಡಬ್ಬಿ ಬಿಚ್ಚಿ ನನ್ನನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ತಿಂದೆ, ಪೂರ್ತಿ.
"ನಾಳೆ ವಾಪಸ್ ಬರೋವಾಗ ಲೇಮೆಬಾಂಬಾದಲ್ಲಿ ಇಳೀರಿ. ಊಟಕ್ಕೆ ಒಬ್ರು ಬರ್ತಾರೆ ಅಂತ ಮಗಳಿಗೆ ಹೇಳಿದೀನಿ."
"ಡ್ರೈವರ್ ಅಂತ ಹೇಳಿದ್ಯಾ?"
"ಇಲ್ಲ," ಅಂದಳು. ಡಬ್ಬಿ ಮುಚ್ಚಿದಳು. ತಾನು ದಿನಾ ಡಬ್ಬಿ ಕಟ್ಟಿಕೊಡೋ ಗಂಡಸು ಅಂತ ಮಗಳಿಗೆ ಹೇಳಿದಾಳಂತೆ.
ಯಾರೋ ಹಾರ್ನ್ ಒತ್ತುತ್ತಿದ್ದಾರೆ. ಅವಳೇ. ನನ್ನ ಸೀಟಲ್ಲಿ ಕೂತು ನನ್ನ ಕರೀತಿದ್ದಾಳೆ.